ಬಲಕ್ಕೆ ಕೋಡು ತಿರುಗಿದ ಚಂದ್ರ

ಶಾಲೆಯ ಮಕ್ಕಳ ಕೋಟಿನ ಜೇಬಿನ ಮೇಲಿರುವ ಲಾಂಛನವನ್ನು ಯಾರೂ ನಿಂತು ನೋಡುವುದಿಲ್ಲ. ಗೋವಿಂದಮ್ಮ ನೋಡುತ್ತಿದ್ದಳು. ಬಸ್ಸಿನಲ್ಲಿ ಎದುರು ಸೀಟಿನ ಹುಡುಗಿಯ ಎದೆಯ ಮೇಲಿನ ಆಲದ ಮರಕ್ಕೆ ಎಷ್ಟು ಬಿಳಲುಗಳಿವೆ ಎಂದು ಎಣಿಸುತ್ತಿದ್ದಳು. ಬಿಳಲಿಲ್ಲದ ಆಲ ಕಂಡರೆ ಅವಳಿಗೆ ಸಂಕಟ. ಒಂದು ಮರ ನೂರು ಮರವಾಗುತ್ತದೆ ಎಂದು ಹೇಳುವುದಕ್ಕೇ ಆಲವನ್ನು ಹಾಕುವುದು, ಬಿಳಲನ್ನೇ ಬಿಟ್ಟರೆ ಆ ಮಾತು ಹೇಳುವವರು ಯಾರು ಎಂದು ಮನೆಗೆ ಬಂದು ಗಂಡನನ್ನು ಕೇಳುವಳು. ಗುಂಡಣ್ಣ ಟೆಲಿಫೋನ್ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಂದವನು, ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟುವನು.

ತ್ಯಾಗರಾಜನಗರದ ಆ ಮನೆಯ ನಡುಮನೆಯ ಕಿಟಕಿಯ ಕೆಳಗೆ ಕೂತು ಅವಳು ಬ್ಯಾಡ್ಜುಗಳಿಗೆ ಕಸೂತಿ ಹಾಕುತ್ತಿದ್ದಳು. ಎಪ್ಪತ್ತಮೂರರಲ್ಲಿ ಶುರುಮಾಡಿದ್ದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಯೂನಿಫಾರ್ಮ್ ಅಂಗಡಿ ಇಟ್ಟಿದ್ದ ಚಕ್ರಪಾಣಿ ಬಟ್ಟೆಯನ್ನೂ ನೂಲನ್ನೂ ಗಂಟುಕಟ್ಟಿ ತಂದುಕೊಡುವನು, ಹದಿನೈದು ದಿನ ಬಿಟ್ಟು ಬಂದು ಒಯ್ಯುವನು. ಶಾಲೆಗಳು, ಕ್ಲಬ್ಬುಗಳು, ಒಮ್ಮೊಮ್ಮೆ ಬ್ಯಾಂಡ್ ಸೆಟ್ಟಿನವರು. ಕ್ಲಬ್ಬುಗಳ ಬ್ಯಾಡ್ಜಿನ ಸುತ್ತ ಇಂಗ್ಲಿಷರ ಕಾಲದಿಂದಲೂ ಒಂದು ಎಲೆಯ ಬಳ್ಳಿ ಇರುತ್ತಿತ್ತು. ಗೆದ್ದವರ ತಲೆಗೆ ಅವರು ಸುತ್ತುವ ಸೊಪ್ಪು ಅದು ಎಂದು ಗೋವಿಂದಮ್ಮ ಎಷ್ಟು ಸಲ ಹೇಳಿದರೂ ಚಕ್ರಪಾಣಿಗೆ ಅದು ಕರಿಬೇವೇ. "ಗೋವಿಂದಮ್ಮನೋರೆ, ಈ ಸಲ ಒಗ್ಗರಣೆ ಬ್ಯಾಡ್ಜು ಐವತ್ತು ಬೇಕು," ಎನ್ನುವನು.

ಇದನ್ನೆಲ್ಲ ಅವಳಿಗೆ ಕಲಿಸಿದ್ದು ತಂದೆ. ಅವರು ಮೈಸೂರಿನಲ್ಲಿ ಅರಮನೆಯ ವಾದ್ಯದವರ ಅಂಗಿಗಳಿಗೆ ಜರಿ ಕೆಲಸ ಮಾಡುತ್ತಿದ್ದವರು. ಸೂಜಿ ಹಿಡಿಯುವುದಕ್ಕೆ ಮುಂಚೆ ಮಗಳಿಗೆ ಚಿತ್ರ ಓದುವುದನ್ನು ಕಲಿಸಿದರು. ತಾವರೆ ಕೆಸರಿನಲ್ಲಿದ್ದೂ ಒದ್ದೆಯಾಗದ್ದು. ಗರಿಕೆ ತುಳಿದಷ್ಟೂ ಗೆಣ್ಣುಗೆಣ್ಣಿಗೆ ಚಿಗುರುವುದು. ದಾನ ಬರೆಸಿದ ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತುವುದು, ಅವರಿಬ್ಬರೂ ಇರುವ ತನಕ ಕೊಟ್ಟ ಮಾತು ನಿಲ್ಲಲಿ ಎಂದು. ಸೂರ್ಯನನ್ನು ಹೇಗೆ ಹಾಕಿದರೂ ಸೂರ್ಯನೇ. ಚಂದ್ರನ ಹತ್ತಿರ ಮಾತ್ರ ಎಚ್ಚರ ಬೇಕು ಎನ್ನುತ್ತಿದ್ದರು. ಕೋಡು ಎಡಕ್ಕಿದ್ದರೆ ಅವನು ಬಿದಿಗೆಯವನು, ನಾಳೆ ಇನ್ನಷ್ಟು ಬೆಳೆಯುವವನು. ಬಲಕ್ಕಿದ್ದರೆ ಅಮಾವಾಸ್ಯೆಗೆ ಹೊರಟವನು.

ಕಸೂತಿಯ ಚಿತ್ರವನ್ನು ಬಟ್ಟೆಗೆ ಇಳಿಸುವ ರೀತಿ ಎಲ್ಲ ಕಡೆಯೂ ಒಂದೇ. ಬಟರ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಬಟ್ಟೆಯುಂಡೆಯಿಂದ ಉಜ್ಜುವುದು. ಕಾಗದ ಎತ್ತಿದರೆ ಕೆಳಗೆ ನೀಲಿ ಚುಕ್ಕೆಗಳ ಚಿತ್ರ. ಆದರೆ ಆ ಕಾಗದ ಎರಡು ಕಡೆಯಿಂದಲೂ ಒಂದೇ ಥರ ಕಾಣುತ್ತದೆ. ಅದಕ್ಕೇ ಗೋವಿಂದಮ್ಮ ಚುಚ್ಚುವುದಕ್ಕೆ ಮೊದಲೇ ಮೇಲಿನ ಬಲ ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ನೋಡಿದವರು ಪೂಜೆಯ ಬೊಟ್ಟು ಎಂದುಕೊಳ್ಳುತ್ತಿದ್ದರು. ಅಲ್ಲ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಮೈದುನ ಸೀನುವಿನ ಮದುವೆಯಾಗಿ ಕಾತ್ಯಾಯಿನಿ ಆ ಮನೆಗೆ ಬಂದಳು. ಬ್ಯಾಂಕಿನ ಗುಮಾಸ್ತನ ಹೆಂಡತಿ, ಪಿ.ಯು.ಸಿ. ಓದಿದವಳು. ಮಾತು ಕಡಿಮೆ, ನಗು ಜಾಸ್ತಿ. ಬಂದ ವಾರದಲ್ಲೇ ಬಾಗಿಲಲ್ಲಿ ಹಾಕಿದ ರಂಗೋಲಿ ನೋಡಲು ಬೀದಿಯವರು ನಿಂತರು. ಅವಳು ಚುಕ್ಕಿ ಇಡುತ್ತಿರಲಿಲ್ಲ. ಬೆರಳ ಸಂದಿಯಿಂದ ಪುಡಿ ಇಳಿದಂತೆ ನವಿಲು ಹುಟ್ಟುತ್ತಿತ್ತು, ಬಳ್ಳಿ ಹರಿಯುತ್ತಿತ್ತು. ಗೋವಿಂದಮ್ಮ ಒಳಗೆ ಸಾರಿಗೆ ಹುಣಸೆಹಣ್ಣು ಕಿವುಚುತ್ತ ಬೀದಿಯ ಹೆಂಗಸರ ಹೊಗಳಿಕೆಯನ್ನು ಒಂದೊಂದಾಗಿ ಕೇಳಿಸಿಕೊಂಡಳು. ಹನ್ನೊಂದು ವರ್ಷದಿಂದ ಅದೇ ಬಾಗಿಲಿಗೆ ಅವಳೂ ರಂಗೋಲಿ ಹಾಕಿದ್ದಳು. ಜನ ಅದನ್ನು ದಾಟಿಕೊಂಡು ಹೋಗುತ್ತಿದ್ದರು.

ಗೋವಿಂದಮ್ಮನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಇದು ಅವಳ ಮನಸ್ಸಿನ ಒಳಕೋಣೆಯ ಸಂಗತಿ. ಬರೆದದ್ದನ್ನು ಓದುವಳು, ತಿದ್ದುವಳು, ಹೊಲಿಗೆಗೆ ಇಳಿಸುವಳು. ಬಿಳಿಯ ಕಾಗದ ಮುಂದಿಟ್ಟರೆ ಮಾತ್ರ ಕೈ ಕಲ್ಲಾಗುತ್ತಿತ್ತು. ಕಾತ್ಯಾಯಿನಿಗೆ ಆ ಭಯವೇ ಗೊತ್ತಿರಲಿಲ್ಲ. ಮಧ್ಯಾಹ್ನ ಓರಗಿತ್ತಿಯ ಪಕ್ಕದಲ್ಲಿ ಕೂತು ನೋಡುತ್ತ ನೋಡುತ್ತಲೇ ವರ್ಷದೊಳಗೆ ಕಸೂತಿಯನ್ನೂ ಕಲಿತಳು. ಒಂದು ದಿನ ಚಕ್ರಪಾಣಿ ಹನ್ನೆರಡು ಬ್ಯಾಡ್ಜುಗಳನ್ನು ಎಣಿಸುತ್ತ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಯಾರ ಕೈ ಎಂದು ಕೇಳಿದ. ಅದು ಕಾತ್ಯಾಯಿನಿ ಹಾಕಿದ್ದು. ಗೋವಿಂದಮ್ಮ ಅವಳ ಹೆಸರು ಹೇಳಿದಳು, ನಕ್ಕಳು, ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಹಾಲು ಉಕ್ಕುವುದನ್ನು ನೋಡುತ್ತ ನಿಂತಳು. ಹಾಲು ಒಲೆಯ ಮೇಲೆಲ್ಲ ಹರಿದ ಮೇಲೆ ಎಚ್ಚರವಾಯಿತು.

ಎಂಬತ್ತೆರಡರ ಬೇಸಿಗೆಯಲ್ಲಿ ಚಕ್ರಪಾಣಿ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದ. ಚನ್ನಬಸವಯ್ಯ ಎಂದು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಜೆ.ಪಿ. ನಗರದ ಆಚೆ ಒಂದು ಶಾಲೆ ಕಟ್ಟುತ್ತಿದ್ದರು. ವೇದಿಕೆಯ ಹಿಂದಿನ ಗೋಡೆಗೆ ತೂಗುಹಾಕಲು ನಾಲ್ಕು ಅಡಿ ಅಗಲದ ರೇಷ್ಮೆಯ ಪಟ ಬೇಕು, ಅದರ ಮೇಲೆ ಶಾಲೆಯ ಲಾಂಛನ ಇರಬೇಕು, ಆ ಲಾಂಛನ ಏನೆಂಬುದೇ ಇನ್ನೂ ಗೊತ್ತಾಗಿಲ್ಲ ಎಂದರು. ಚಿತ್ರದ ಅರ್ಥ ತಿಳಿದವರು ನೀವೊಬ್ಬರೇ ಎಂದು ಚಕ್ರಪಾಣಿ ಹೇಳಿದ ಎಂದರು.

ಆ ಅರ್ಧ ಗಂಟೆ ಗೋವಿಂದಮ್ಮನ ಬದುಕಿನಲ್ಲೇ ಬೇರೆ. ಒಬ್ಬ ಪ್ರೊಫೆಸರು ನೋಟ್‌ಬುಕ್ ತೆಗೆದು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಶಾಲೆ ಕಟ್ಟುವ ಜಾಗ ಮೊದಲು ಏನಾಗಿತ್ತು ಎಂದು ಅವಳು ಕೇಳಿದಳು. ರಾಗಿ ಹೊಲ ಎಂದರು. ಹಾಗಾದರೆ ಎರಡು ಪಕ್ಕಕ್ಕೂ ರಾಗಿ ತೆನೆ ಬರಲಿ ಎಂದಳು. ನೆಲದೊಳಗಿನ ಹಗೇವಿನಲ್ಲಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದ ಧಾನ್ಯ, ಕಲಿತದ್ದು ಹಾಗೆ ಉಳಿಯಬೇಕು. ಕೆಳಗೆ ತಾವರೆ, ಅದರಿಂದ ಅರ್ಧ ಎದ್ದ ಸೂರ್ಯ. ನೆತ್ತಿಯ ಮೇಲೆ ಬಿದಿಗೆ ಚಂದ್ರ, ಕೋಡು ಎಡಕ್ಕೆ. ಇವತ್ತು ಗೆರೆಯಷ್ಟಿರುವ ಮಗು ನಾಳೆ ತುಂಬಿಕೊಳ್ಳುತ್ತದೆ ಎನ್ನುವುದಕ್ಕೆ. ಚನ್ನಬಸವಯ್ಯ ಪೆನ್ನು ನಿಲ್ಲಿಸಿ ಅವಳನ್ನು ನೋಡಿದರು. "ತಾಯಿ, ನಮ್ಮ ಕಾಲೇಜಲ್ಲಿ ಹೀಗೆ ಪಾಠ ಹೇಳೋರು ಇರಲಿಲ್ಲ," ಎಂದರು.

ಆಗ ಕಾಫಿ ತಂದ ಕಾತ್ಯಾಯಿನಿ ತಟ್ಟೆ ಇಟ್ಟು, ಅಲ್ಲೇ ಮಂಡಿಯೂರಿ, ಅವರ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಳು. ಕಾಫಿ ಆರುವುದರೊಳಗೆ ತಾವರೆ ಅರಳಿತ್ತು, ತೆನೆಗಳು ಬಾಗಿದ್ದವು, ಮೇಲೆ ಚಂದ್ರ ನಿಂತಿದ್ದ. "ಹೀಗಾ ಅಕ್ಕ?" ಎಂದು ಗೋವಿಂದಮ್ಮನನ್ನೇ ಕೇಳಿದಳು. ಹಾಗೇ ಇತ್ತು. ಗೋವಿಂದಮ್ಮ ಮನಸ್ಸಿನಲ್ಲಿ ಕಂಡದ್ದು ಕೂಡ ಅಷ್ಟು ಚೆನ್ನಾಗಿರಲಿಲ್ಲ.

ಅಲ್ಲಿಂದ ಮುಂದೆ ಅವರಿಬ್ಬರೂ ಕಾತ್ಯಾಯಿನಿಯ ಜೊತೆಯೇ ಮಾತಾಡಿದರು. ಎಷ್ಟು ದಿನ ಬೇಕು, ರೇಷ್ಮೆ ಯಾವ ಬಣ್ಣ, ಸೂರ್ಯನಿಗೆ ಯಾವ ಜರಿ. ಪಟವನ್ನು ಈ ಮಗುವೇ ಮಾಡಲಿ ಎಂದು ಚನ್ನಬಸವಯ್ಯ ಹೇಳಿದಾಗ ಚಕ್ರಪಾಣಿ ಒಮ್ಮೆ ಗೋವಿಂದಮ್ಮನ ಮುಖ ನೋಡಿದ. ಅವಳು ಆಗಲಿ ಎಂದಳು. ಬೇರೆ ಏನು ಹೇಳಲು ಸಾಧ್ಯವಿತ್ತು? ನೋಟ್‌ಬುಕ್ಕಿನ ಮುಂದಿನ ಹಾಳೆಯಲ್ಲಿದ್ದ ಅವಳ ಮಾತುಗಳು ಮಡಿಸಿಕೊಂಡು ಅವರ ಜೇಬಿಗೆ ಹೋದವು.

ನಾಲ್ಕು ದಿನದ ಮೇಲೆ ಅವಳು ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಿಂದ ಸೊಪ್ಪು ತೆಗೆದುಕೊಂಡು ಬರುವಷ್ಟರಲ್ಲಿ ನಡುಮನೆಯ ಚೌಕಟ್ಟಿಗೆ ಕೆನೆಬಣ್ಣದ ರೇಷ್ಮೆ ಬಿಗಿದಿತ್ತು. ಕಾತ್ಯಾಯಿನಿ ಆಗತಾನೆ ನೀಲಿ ಉಜ್ಜಿ ಕಾಗದ ಎತ್ತಿದ್ದಳು. ಗೋವಿಂದಮ್ಮ ಚೀಲ ಹಿಡಿದುಕೊಂಡೇ ನೋಡಿದಳು. ತಾವರೆ ಸರಿಯಾಗಿತ್ತು, ಸೂರ್ಯ ಸರಿ, ತೆನೆಗಳು ಎರಡು ಕಡೆಯೂ ಒಂದೇ ಸಮ. ಚಂದ್ರನ ಕೋಡು ಬಲಕ್ಕಿತ್ತು.

ಕಾಗದ ಮಗುಚಿ ಬಿದ್ದಿತ್ತು. ಅದರ ಮೂಲೆಯಲ್ಲಿ ಕುಂಕುಮದ ಬೊಟ್ಟಿರಲಿಲ್ಲ. ಎಡಬಲ ಒಂದೇ ಆಗಿರುವ ಚಿತ್ರದಲ್ಲಿ ಚಂದ್ರನೊಬ್ಬನೇ ಅದನ್ನು ಹೇಳಬಲ್ಲವನು. ಶಾಲೆಯ ಹೆಸರು ಬೇರೆ ಕಾಗದದಲ್ಲಿತ್ತು, ಇನ್ನೂ ಇಳಿಸಿರಲಿಲ್ಲ. ಅಕ್ಷರವಿದ್ದಿದ್ದರೆ ಯಾರಾದರೂ ಕಾಣುತ್ತಿದ್ದರು. ಈಗಲೇ ಹೇಳಿದರೆ ಒಂದು ಬಟ್ಟೆಚೂರಿಗೆ ಸೀಮೆಎಣ್ಣೆ ಅದ್ದಿ ಚುಕ್ಕೆ ಒರೆಸಿಬಿಡಬಹುದು. ಹತ್ತು ನಿಮಿಷದ ಕೆಲಸ. ಗೋವಿಂದಮ್ಮನ ಬಾಯಿಯ ತನಕ ಮಾತು ಬಂದಿತ್ತು.

ಸೀನು ಆ ದಿನ ರಜೆಯಲ್ಲಿ ಮನೆಯಲ್ಲಿದ್ದ. ಗೋಡೆಗೆ ಒರಗಿ ಹೆಂಡತಿಯ ಕೆಲಸ ನೋಡುತ್ತಿದ್ದವನು ಹೇಳಿದ: "ನೋಡಿದ್ರಾ ಅತ್ತಿಗೆ, ಶಿಷ್ಯೆ ನಿಮ್ಮನ್ನ ಮೀರಿಸಿಬಿಟ್ಲು. ಇನ್ಮೇಲೆ ನೀವು ಆರಾಮಾಗಿ ಬರೀ ಗುಂಡಿ ಹೊಲೀಬಹುದು."

ತಮಾಷೆಗೆ ಹೇಳಿದ ಮಾತು. ಕಾತ್ಯಾಯಿನಿ ಗಂಡನನ್ನು ಗದರಿದಳು ಕೂಡ. ಗೋವಿಂದಮ್ಮ ನಕ್ಕು, ಚೆನ್ನಾಗಿ ಬಂದಿದೆ ಎಂದು ಹೇಳಿ, ಸೊಪ್ಪು ಬಿಡಿಸಲು ಒಳಗೆ ಹೋದಳು.

ನಾಳೆ ಹೇಳೋಣ ಎಂದುಕೊಂಡಳು. ನಾಳೆ ತಾವರೆಯ ಮೊದಲ ದಳ ಎದ್ದಿತು. ಗುಲಾಬಿಯಿಂದ ಬಿಳಿಗೆ ಜಾರುವ ಐದು ಬಣ್ಣದ ನೂಲು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಗೋವಿಂದಮ್ಮನ ಕಣ್ಣಿಗೂ ಸಿಗಲಿಲ್ಲ. ಅದನ್ನು ನೋಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಒಳ್ಳೆಯ ಕೆಲಸ ಅವಳ ಎದೆಯ ಮೇಲೆ ಭಾರವಾಗಿ ಕೂರುತ್ತಿತ್ತು, ತಪ್ಪೊಂದಿದೆ ಎಂಬ ನೆನಪು ಆ ಭಾರವನ್ನು ಸ್ವಲ್ಪ ಇಳಿಸುತ್ತಿತ್ತು. ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ ಅವಳು ಬಲಕ್ಕೆ ತಿರುಗಿದ ಆ ಕೋಡನ್ನು ಬಾಯಲ್ಲಿಟ್ಟ ಬೆಲ್ಲದ ಚೂರಿನ ಹಾಗೆ ಚೀಪುತ್ತಿದ್ದಳು. ಆಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಗುತ್ತಿತ್ತು.

ಕಾತ್ಯಾಯಿನಿಗೆ ಅದು ಕಾಣಲಿಲ್ಲ. ಬೆಳಕಿಗಾಗಿ ಅವಳು ಚೌಕಟ್ಟಿನ ಮೇಲ್ಗಡೆ ಕೂತು, ಚಿತ್ರವನ್ನು ತಲೆಕೆಳಗಾಗಿ ನೋಡುತ್ತ ಕೆಲಸ ಮಾಡುತ್ತಿದ್ದಳು. ಅಲ್ಲಿಂದ ನೋಡಿದರೆ ಬಲದ ಕೋಡು ಎಡಕ್ಕೇ ಕಾಣುತ್ತಿತ್ತು. ಬೆಳ್ಳಿ ಬಣ್ಣ ಬೇಗ ಮಾಸುವುದರಿಂದ ಚಂದ್ರ ಕೊನೆಗೆ ಉಳಿದ. ಮೂವತ್ತೆಂಟನೆಯ ದಿನ ಮಧ್ಯಾಹ್ನ ಪಟದಲ್ಲಿ ಉಳಿದದ್ದು ನೆತ್ತಿಯ ಮೇಲಿನ ನೀಲಿ ಚುಕ್ಕೆಗಳ ಸಾಲು ಮಾತ್ರ. ಆಗಲೂ ಒರೆಸಬಹುದಿತ್ತು.

ಕಾತ್ಯಾಯಿನಿ ಗೋವಿಂದಮ್ಮನನ್ನು ಕರೆದಳು. ಬೆಳ್ಳಿ ಜರಿ ಪೋಣಿಸಿದ ಸೂಜಿಯನ್ನು ಅವಳ ಕಡೆ ಚಾಚಿದಳು.

"ಅಕ್ಕ, ಚಂದ್ರನ್ನ ನೀವೇ ಹಾಕಿ."

"ನಾನ್ಯಾಕೆ?"

"ಇದೆಲ್ಲ ನಿಮ್ಮದೇ ತಾನೆ. ತೆನೆ ನಿಮ್ದು, ತಾವರೆ ನಿಮ್ದು. ನಾನು ಬರೀ ಗೆರೆ ಎಳ್ದೆ. ನಿಮ್ಮ ಕೈ ಒಂದಿಷ್ಟಾದ್ರೂ ಇರ್ಲಿ ಇದ್ರಲ್ಲಿ."

ಗೋವಿಂದಮ್ಮ ಸೂಜಿಯನ್ನೇ ನೋಡಿದಳು. ತೆಗೆದುಕೊಂಡರೆ ತಪ್ಪು ತನ್ನದಾಗುತ್ತದೆ. ತಿದ್ದಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತದೆ. ಎರಡೂ ಬೇಡವಾಗಿತ್ತು. ಎರಡಕ್ಕಿಂತ ಬೇಡವಾಗಿದ್ದದ್ದು ಕಾತ್ಯಾಯಿನಿಯ ಆ ಒಳ್ಳೆಯತನ. ಅದನ್ನೂ ಇವಳೇ ಇಟ್ಟುಕೊಂಡಿದ್ದಾಳಲ್ಲ ಎನ್ನಿಸಿತು.

"ನಂಗೆ ಈಚೆಗೆ ಕಣ್ಣು ಮಂಜು ಕಣೇ. ನೀನೇ ಮುಗ್ಸು," ಎಂದಳು.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ಓರಗಿತ್ತಿಯರಿಬ್ಬರೂ ರೇಷ್ಮೆ ಸೀರೆ ಉಟ್ಟು ಹೋಗಿ ಎರಡನೇ ಸಾಲಿನಲ್ಲಿ ಕೂತರು. ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಾಗ ಸಭೆಯಲ್ಲಿ ಒಂದು ಉಸಿರೆದ್ದಿತು. ಗೋವಿಂದಮ್ಮ ಕಾಯುತ್ತಿದ್ದಳು. ಐವತ್ತು ದಿನದಿಂದ ಕಾದದ್ದು ಈ ಗಳಿಗೆಗೆ. ಯಾರಾದರೂ ಹೇಳಲಿ.

ಚನ್ನಬಸವಯ್ಯ ಕೋಲು ಹಿಡಿದು ಒಂದೊಂದನ್ನೇ ತೋರಿಸಿ ವಿವರಿಸಿದರು. ರಾಗಿ, ತಾವರೆ, ಸೂರ್ಯ. ಎಲ್ಲ ಗೋವಿಂದಮ್ಮ ಹೇಳಿದ ಮಾತುಗಳೇ, ಅವಳ ಹೆಸರಿರಲಿಲ್ಲ ಅಷ್ಟೆ. ಕೋಲು ಚಂದ್ರನ ಹತ್ತಿರ ಬಂದಾಗ ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಪಟದ ಹತ್ತಿರ ಹೋದರು. ಅವರಿಗೆ ತಿಳಿಯಿತು ಎಂದು ಗೋವಿಂದಮ್ಮನಿಗೆ ಗೊತ್ತಾಯಿತು.

ಅವರು ಸಭೆಯ ಕಡೆ ತಿರುಗಿದರು. ಬೇರೆ ಶಾಲೆಗಳವರು ಬೆಳೆಯುವ ಚಂದ್ರನನ್ನು ಹಾಕುತ್ತಾರೆ, ನಮ್ಮದು ಕೃಷ್ಣಪಕ್ಷದ ಚಂದ್ರ ಎಂದರು. ಆ ಪಕ್ಷದಲ್ಲಿ ದೇವತೆಗಳು ದಿನಕ್ಕೊಬ್ಬರಂತೆ ಬಂದು ಅವನ ಒಂದೊಂದು ಕಲೆಯನ್ನು ಕುಡಿದು ಹೋಗುತ್ತಾರೆಂದು ಹಿರಿಯರು ಹೇಳುತ್ತಾರೆ. ಅವನು ಸವೆಯುವುದಿಲ್ಲ, ಕೊಡುತ್ತಾನೆ. "ಮಕ್ಕಳಿಗೆ ಕೊಟ್ಟು ಕೊಟ್ಟು ಬರಿದಾಗುವವರು ಮೇಷ್ಟ್ರುಗಳು. ಈ ಚಂದ್ರ ನಮ್ಮ ಮೇಷ್ಟ್ರು," ಎಂದರು. ಆಮೇಲೆ ಎರಡನೇ ಸಾಲಿಗೆ ಕೈ ತೋರಿಸಿ, ಇದನ್ನು ಯೋಚಿಸಿದ ಮಗು ಅಲ್ಲಿ ಕೂತಿದೆ ಎಂದರು.

ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮೇಡಂ ಕಣ್ಣೊರೆಸಿಕೊಂಡರು. ಕಾತ್ಯಾಯಿನಿ ಏನೂ ಅರ್ಥವಾಗದೆ ಎದ್ದು ಕೈ ಮುಗಿದಳು. ಪಕ್ಕದಲ್ಲಿ ಗೋವಿಂದಮ್ಮ ಕೂತೇ ಇದ್ದಳು. ತಾನು ಬಚ್ಚಿಟ್ಟುಕೊಂಡು ಕಾದ ತಪ್ಪೂ ಕೊನೆಗೆ ಕಾತ್ಯಾಯಿನಿಯ ಹೂವಾಗಿಯೇ ಅರಳಿತ್ತು. ತಂದೆ ಕಲಿಸಿದ ಅರ್ಥ ಮೂರು ಮಾತಿನಲ್ಲಿ ತಿರುಗಿಬಿದ್ದು, ತಿರುಗಿಬಿದ್ದದ್ದೇ ಹೆಚ್ಚು ಚೆನ್ನಾಗಿ ಕಂಡಿತ್ತು.

ಮನೆಗೆ ಬಂದವಳೇ ಕಾತ್ಯಾಯಿನಿ ಟ್ರಂಕಿನಿಂದ ಆ ಬಟರ್ ಪೇಪರ್ ತೆಗೆದು ಕಿಟಕಿಗೆ ಹಿಡಿದಳು, ಮಗುಚಿ ಹಿಡಿದಳು, ನೆಲಕ್ಕೆ ಕುಸಿದು ಅತ್ತಳು. ಹೋಗಿ ಮೇಷ್ಟ್ರಿಗೆ ಹೇಳಿಬಿಡಲೇ ಎಂದು ಕೇಳಿದಳು. ಬೇಡ, ಅವರಿಗೆ ಗೊತ್ತಾಗಿಯೇ ಹಾಗೆ ಹೇಳಿದರು ಎಂದಳು ಗೋವಿಂದಮ್ಮ.

"ನೀವೂ ಇವತ್ತೇ ನೋಡಿದ್ದಾ ಅಕ್ಕ?"

"ಹೂಂ," ಎಂದಳು ಗೋವಿಂದಮ್ಮ.

"ಅಲ್ಲಿ ಯಾರ್ಗೂ ಹೇಳ್ದೆ ನನ್ನ ಮಾನ ಉಳಿಸಿದ್ರಿ," ಎಂದು ಕಾತ್ಯಾಯಿನಿ ಅವಳ ಕೈ ಹಿಡಿದುಕೊಂಡಳು.

ನಾಲ್ಕು ವರ್ಷವಾದರೂ ಆ ಕೈಯನ್ನು ಬಿಡಿಸಿಕೊಳ್ಳಲು ಗೋವಿಂದಮ್ಮನಿಂದ ಆಗಲಿಲ್ಲ. ಕಾತ್ಯಾಯಿನಿಗೆ ಮಗುವಾಗಿ ಅವಳ ಸೂಜಿ ನಿಂತಿತು. ಶಾಲೆ ಬೆಳೆಯಿತು, ಮಕ್ಕಳ ಕೋಟುಗಳಿಗೆ ಬ್ಯಾಡ್ಜು ಬೇಕಾಯಿತು, ಗಂಟು ಗೋವಿಂದಮ್ಮನ ಕೈಗೇ ಬಂತು. ವರ್ಷಕ್ಕೆ ಇನ್ನೂರು, ಮುನ್ನೂರು. ಪ್ರತಿಯೊಂದರಲ್ಲೂ ರಾಗಿ ತೆನೆ, ತಾವರೆ, ಬಲಕ್ಕೆ ತಿರುಗಿದ ಚಂದ್ರ. ಅವಳ ಬೆರಳು ಪ್ರತಿ ಸಲ ಎಡಕ್ಕೆ ಹೋಗಲು ಹವಣಿಸುತ್ತಿತ್ತು, ಅವಳು ಅದನ್ನು ಬಲಕ್ಕೆ ಎಳೆಯುತ್ತಿದ್ದಳು. ಕಾತ್ಯಾಯಿನಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಕ್ಕದಲ್ಲೇ ಕೂತು, ಅಕ್ಕನಂಥವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನೆರೆಯವರಿಗೆ ಹೇಳುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ಎಂಬತ್ತಾರರಲ್ಲಿ ಸೀನು ಬನಶಂಕರಿ ಎರಡನೇ ಹಂತದಲ್ಲಿ ಮನೆ ಕಟ್ಟಿಸಿದ. ಸಾಮಾನು ಸಾಗಿಸುವ ಹಿಂದಿನ ದಿನ ಅಣ್ಣತಮ್ಮಂದಿರು ಲಾರಿ ಗೊತ್ತುಮಾಡಲು ಹೋಗಿದ್ದರು. ಕಾತ್ಯಾಯಿನಿ ಅಡುಗೆಮನೆಯಲ್ಲಿ ಕೂತು ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಗೋವಿಂದಮ್ಮ ಬಾಗಿಲಿಗೆ ಒರಗಿ ನಿಂತು, ಪೀಠಿಕೆ ಹಾಕದೆ ಹೇಳಿದಳು. ಪಟದ ಕಾಗದ ಮಗುಚಿದ್ದನ್ನು ತಾನು ನೋಡಿದ್ದು ಸಭೆಯಲ್ಲಲ್ಲ ಎಂದಳು.

ಕಾತ್ಯಾಯಿನಿ ಕೈಯಲ್ಲಿದ್ದ ಲೋಟವನ್ನು ಪೂರ್ತಿ ಸುತ್ತಿ ಕೆಳಗಿಟ್ಟಳು.

"ಮತ್ಯಾವಾಗ?"

"ನೀನು ನೀಲಿ ಉಜ್ಜಿದ ದಿನಾನೇ."

"ನಾನು ಸೂಜಿ ಕೊಟ್ಟಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಅಕ್ಕ?"

"ಹೊಟ್ಟೆಕಿಚ್ಚು ಕಣೇ. ಇನ್ನೇನೂ ಅಲ್ಲ."

ಕಾತ್ಯಾಯಿನಿ ಇನ್ನೊಂದು ಲೋಟ ಎತ್ತಿಕೊಂಡಳು, ಸುತ್ತಲಿಲ್ಲ. "ಈಗ್ಲೂ ಇದ್ಯಾ?" ಎಂದು ಕೇಳಿದಳು.

ಇಲ್ಲ ಎಂದುಬಿಡುವುದು ಸುಲಭವಿತ್ತು. ಗೋವಿಂದಮ್ಮ ಯೋಚಿಸಿದಳು. "ಸ್ವಲ್ಪ ಇದೆ," ಎಂದಳು.

ಕಾತ್ಯಾಯಿನಿ ನಗಲಿಲ್ಲ, ಅಳಲೂ ಇಲ್ಲ. "ಆ ಸ್ಕೂಲಿನ ಬ್ಯಾಡ್ಜು ಇನ್ಮೇಲೆ ನೀವು ಹಾಕ್ಬೇಡಿ. ನನ್ನ ಹತ್ರ ಕಳ್ಸಿ," ಎಂದಳು. ಅದು ಕೋಪವೋ, ಗೋವಿಂದಮ್ಮನ ಕೈಯಿಂದ ಒಂದು ಮುಳ್ಳು ತೆಗೆದದ್ದೋ, ದನಿಯಿಂದ ತಿಳಿಯಲಿಲ್ಲ. ಮಾರನೆಯ ದಿನ ಲಾರಿ ಹತ್ತುವ ಮೊದಲು ಅವಳು ಭಾವನಿಗೆ ನಮಸ್ಕಾರ ಮಾಡಿದಳು. ಗೋವಿಂದಮ್ಮನ ಮುಂದೆ ಬಂದು ನಿಂತು, ಹೋಗಿಬರುತ್ತೇನೆ ಎಂದಳು, ಬಗ್ಗಲಿಲ್ಲ.

ಮೇ ತಿಂಗಳಲ್ಲಿ ಚಕ್ರಪಾಣಿ ಆ ಶಾಲೆಯ ಹಸಿರು ಬಟ್ಟೆಯ ಗಂಟು ತಂದ. ಈ ವರ್ಷ ನಾನೂರು ಎಂದ. ಗೋವಿಂದಮ್ಮ ಅದನ್ನು ಬಿಚ್ಚದೆ, ಬನಶಂಕರಿಯ ವಿಳಾಸ ಬರೆದುಕೊಟ್ಟಳು. ಅವನಿಗೆ ಆಶ್ಚರ್ಯವಾಯಿತು. ಅಷ್ಟು ದೂರ ಯಾಕೆ, ಇಲ್ಲಿ ನೀವು ಖಾಲಿ ಕೂತಿದ್ದೀರಲ್ಲ ಎಂದ.

"ಬರೆದಿದ್ದು ಅವಳು, ಅವಳೇ ಹಾಕ್ಲಿ," ಎಂದಳು ಗೋವಿಂದಮ್ಮ. "ನೀವು ಕೊಡೋವಾಗ ಒಂದು ಮಾತು ಹೇಳಿ. ಆ ತಾವರೆಗೆ ಅವಳು ಹಾಕಿದ ಐದು ಬಣ್ಣ ನಂಗೆ ಒಂದ್ಸಲಾನೂ ಬರ್ಲಿಲ್ಲ ಅಂತ."

ಚಕ್ರಪಾಣಿ ಗಂಟನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೊರಟ. ಅವನು ಬೀದಿಯ ಕೊನೆ ತಿರುಗುವ ತನಕ ಗೋವಿಂದಮ್ಮ ಬಾಗಿಲಲ್ಲಿ ನಿಂತು ಆ ಹಸಿರನ್ನೇ ನೋಡುತ್ತಿದ್ದಳು. ಅದನ್ನು ಹಿಂದಕ್ಕೆ ಕರೆಯಬೇಕೆಂದು ಎರಡು ಸಲ ಅನ್ನಿಸಿತು. ಎರಡು ಸಲವೂ ಅವಳು ಕರೆಯಲಿಲ್ಲ.